ಡೂಮ್, ಡೂಮ್ 2: ಮೊದಲು ಯಾವುದನ್ನು ಆಡಬೇಕು?

ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವ ವಿಡಿಯೊ ಗೇಮ್ ‘ಡೂಮ್’ ಅನ್ನು ಐಡಿ ಸಾಫ್ಟ್‌ವೇರ್ ಕಂಪನಿ 1993ರ ಡಿಸೆಂಬರ್‌ನಲ್ಲಿ ಹೊರತಂದಿತು. ಮರುವರ್ಷವೇ ‘ಡೂಮ್ 2’ ಬಂತು. ಎರಡರ ಎಂಜಿನ್ (ಆಟವನ್ನು ನಡೆಸುವ, ದೃಶ್ಯ ಮೂಡಿಸುವ ತಂತ್ರಾಂಶ) ಒಂದೇ, ಆದ್ದರಿಂದ ಅಂದಚೆಂದ ನೋಡಿ ಆರಿಸುವ ಪ್ರಶ್ನೆಯಿಲ್ಲ.

ಎರಡನೆಯದರಲ್ಲಿ ಹೊಸ ಆಯುಧ ಒಂದೇ ಒಂದು: ಜೋಡಿ ನಳಿಗೆಯ ಸೂಪರ್ ಶಾಟ್‌ಗನ್. ಅದನ್ನು ಹಿಡಿದ ಮೇಲೆ ಹಳೆಯ ಶಾಟ್‌ಗನ್ ಸಪ್ಪೆ. ಶತ್ರುಗಳ ಜೋಡಣೆಯೂ ಜಾಣತನದ್ದು. ಆರ್ಚ್‌ವೈಲ್ ಎಂಬ ದುಷ್ಟ, ನೀವು ಬೆವರು ಸುರಿಸಿ ಕೊಂದ ರಾಕ್ಷಸರನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಾನೆ. ಅವನ ಬೆಂಕಿಯಿಂದ ಪಾರಾಗಲು ಗೋಡೆಯ ಮರೆಯೇ ಗತಿ.

ಹಂತಗಳ ವಿನ್ಯಾಸದಲ್ಲಿ ಮಾತ್ರ ನನ್ನ ಮತ ಮೊದಲನೆಯದಕ್ಕೆ. ಐಡಿಯ ವಿನ್ಯಾಸಕ ಜಾನ್ ರೊಮೆರೊ ಬಹುಪಾಲು ರೂಪಿಸಿದ ಅದರ ಮೊದಲ ಅಧ್ಯಾಯ ಇಂದಿಗೂ ಬಿಗಿಯಾಗಿದೆ. ಪ್ರತಿ ಅಧ್ಯಾಯದ ಆರಂಭದಲ್ಲಿ ಕೈಯಲ್ಲಿರುವುದು ಬರೀ ಪಿಸ್ತೂಲು, ಹಾಗಾಗಿ ಭಯ ಹೊಸದಾಗಿಯೇ ಇರುತ್ತದೆ. ಡೂಮ್ 2ರ ಮೂವತ್ತು ಹಂತಗಳು ಒಂದೇ ಸರಣಿ. ನಡುವಿನ ‘ನಗರ’ಗಳನ್ನು ನಗರವೆಂದು ಒಪ್ಪಲು ಉದಾರ ಮನಸ್ಸು ಬೇಕು, ದಾರಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಹೊಸಬರು ಮೊದಲನೆಯದರಿಂದಲೇ ಶುರುಮಾಡಲಿ. ಅದು ಸುಲಭವೆನಿಸಿದವರು ನೇರವಾಗಿ ಎರಡನೆಯದಕ್ಕೆ ಹಾರಬಹುದು, ಕಥೆ ತಪ್ಪಿಹೋಯಿತೆಂಬ ಚಿಂತೆ ಬೇಡ. 2024ರಿಂದ ಎರಡೂ ಒಂದೇ ಪ್ಯಾಕೇಜಿನಲ್ಲಿ ಸಿಗುತ್ತಿವೆ.