ಗೊಬ್ಬರದ ರಾಶಿಯೋ, ಎರೆಹುಳದ ಡಬ್ಬವೋ?

ಹಿತ್ತಲಲ್ಲಿ ಒಂದು ಮೂಲೆ ಖಾಲಿ ಇದ್ದು, ಉದುರಿದ ಎಲೆ, ಕತ್ತರಿಸಿದ ಹುಲ್ಲು ಧಾರಾಳವಾಗಿ ಸಿಗುತ್ತಿದ್ದರೆ ರಾಶಿಯೇ ಸರಿ. ಉದ್ದ, ಅಗಲ, ಎತ್ತರ ಮೂರೂ ಸುಮಾರು 1 ಮೀಟರ್ ಇದ್ದರೆ ಒಳಗೆ ಚೆನ್ನಾಗಿ ಕಾವು ಹಿಡಿಯುತ್ತದೆ. 55 ಡಿಗ್ರಿ ದಾಟಿದ ಕಾವು ಕೆಲವು ದಿನ ನಿಂತರೆ ಕಳೆಬೀಜಗಳು ಬಹುಪಾಲು ಸಾಯುತ್ತವೆ. ಎರೆಹುಳಗಳಿಂದ ಈ ಕೆಲಸ ಆಗುವುದಿಲ್ಲ. ಆದರೆ ರಾಶಿಯನ್ನು ಆಗಾಗ ಮಗುಚಬೇಕು. ಸೊಂಟ ನೋವಿನವರು ಯೋಚಿಸಿ.

ತರಕಾರಿ ಸಿಪ್ಪೆ ಬಿಟ್ಟು ಬೇರೇನೂ ಇಲ್ಲದ ಮನೆಗೆ ಡಬ್ಬ ಸಾಕು, ನೆರಳಿರುವ ಬಾಲ್ಕನಿಯಲ್ಲೂ ಇಡಬಹುದು. ತೋಟ ಅಗೆದಾಗ ಸಿಗುವ ಹುಳ ಇದಕ್ಕೆ ಆಗದು. ಅದು ಮಣ್ಣಿನಾಳದ್ದು. ಕೊಳೆಯುವ ಕಸದಲ್ಲೇ ಬಾಳುವ ಐಸೇನಿಯಾ ಫೆಟಿಡಾದಂಥ ಕೆಂಪು ಹುಳ ಬೇಕು. ಅದಕ್ಕೆ 15ರಿಂದ 25 ಡಿಗ್ರಿ ಹಿತ. 35 ದಾಟಿದರೆ ಜೀವಕ್ಕೇ ಕುತ್ತು. ಡಬ್ಬದೊಳಗೆ ಹುಳಗಳಿಗೆಂದು ಹರಡಿದ ಹಾಸಿನ ತೇವ ನೋಡಲು ಒಂದು ಮುಷ್ಟಿ ಹಿಂಡಿ: ಒಂದೆರಡು ಹನಿ ಒಸರಿದರೆ ಸರಿ, ಧಾರೆ ಇಳಿದರೆ ಹರಿದ ಕಾಗದ ಸೇರಿಸಿ. ಉತ್ಸಾಹದಲ್ಲಿ ನಾನು ಮೊದಲ ವಾರವೇ ಸಿಪ್ಪೆ ತುಂಬಿಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹುಳಗಳೆಲ್ಲ ಮುಚ್ಚಳಕ್ಕೆ ಅಂಟಿಕೊಂಡಿದ್ದವು!

ಮಾಂಸ, ಎಣ್ಣೆ ಜಿಡ್ಡು ಎರಡಕ್ಕೂ ಬೇಡ. ನಿಂಬೆ ಸಿಪ್ಪೆಯನ್ನು ರಾಶಿ ತಾಳಿಕೊಳ್ಳುತ್ತದೆ, ಡಬ್ಬಕ್ಕೆ ಹೆಚ್ಚು ಹಾಕಬಾರದು.

ಜಾಗವಿದ್ದರೆ ನನ್ನ ಮತ ರಾಶಿಗೆ. ತಿಂಗಳುಗಟ್ಟಲೆ ಮರೆತರೂ ಅದು ನಿಧಾನವಾಗಿ ಗೊಬ್ಬರವಾಗುತ್ತದೆ. ಹುಳಗಳನ್ನು ಮಾತ್ರ ಸಾಕಿದ ಪ್ರಾಣಿಯಂತೆ ನೋಡಿಕೊಳ್ಳಬೇಕು.