ಪ್ರಚಂಡ್ ಮಾಡಲಾ, ಅಪಾಚೆ ಮಾಡಲಾ?

ಮಡಿಕೇರಿಯಲ್ಲಿ ಓದುವ ಅಣ್ಣನ ಮಗ ಶಾಲೆಯ ವಸ್ತುಪ್ರದರ್ಶನಕ್ಕೆ ದಾಳಿ ಹೆಲಿಕಾಪ್ಟರ್ ಮಾದರಿ ಮಾಡಬೇಕಂತೆ. "ಚಿಕ್ಕಪ್ಪ, ಪ್ರಚಂಡ್, ಅಪಾಚೆ, ಎರಡರಲ್ಲಿ ಯಾವುದು ಮಾಡಲಿ?" ಅಂತ ಕೇಳಿದ. ಅವನಂಥ ಮಕ್ಕಳು ಇನ್ನೂ ಇರ್ತಾರೆ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ನೆಲದ ಮೇಲಿನ ಸೈನಿಕರಿಗೆ ಬೆಂಬಲ ಕೊಡುವುದು ಎರಡರ ಕೆಲಸವೂ ಹೌದು. ಎರಡರಲ್ಲೂ ಇಬ್ಬರು ಹಿಂದೆ ಮುಂದೆ ಕೂರುತ್ತಾರೆ.

ಅಪಾಚೆ ಅಮೆರಿಕದ್ದು. ನಮ್ಮ ವಾಯುಪಡೆಗೆ 2019ರಲ್ಲಿ ಸೇರಿತು. 30 ಮಿ.ಮೀ. ಗನ್, ಟ್ಯಾಂಕ್ ಒಡೆಯುವ 16 ಹೆಲ್‌ಫೈರ್ ಕ್ಷಿಪಣಿಗಳವರೆಗೆ ಹೊರುತ್ತದೆ. ಕೆಲವಕ್ಕೆ ರೋಟರ್ (ತಲೆ ಮೇಲೆ ತಿರುಗುವ ರೆಕ್ಕೆ) ಮೇಲೆ ಒಂದು ಗುಂಡನೆಯ ರಾಡಾರ್ ಇರುತ್ತದೆ. ತೋಟದ ಸಿಲ್ವರ್ ಓಕ್ ಸಾಲಿನ ಹಿಂದೆ ಅಡಗಿ, ಆ ರಾಡಾರ್ ಮಾತ್ರ ಮೇಲೆ ಇಣುಕಿಸಿದರೆ ಸಾಕು, ಆಚೆಯ ಗುರಿಗಳು ಕಾಣುತ್ತವೆ. ಬಯಲಿನ ಟ್ಯಾಂಕ್ ಯುದ್ಧಕ್ಕೆ ಇದರಷ್ಟು ಬಲ ಪ್ರಚಂಡ್‌ಗಿಲ್ಲ.

ಆದರೆ ನನ್ನ ಮನಸ್ಸು ಪ್ರಚಂಡ್ ಕಡೆಗೇ. 1999ರ ಕಾರ್ಗಿಲ್ ಯುದ್ಧದಲ್ಲಿ ಎತ್ತರದ ಶಿಖರಗಳಲ್ಲಿ ಹೋರಾಡಬಲ್ಲ ದಾಳಿ ಹೆಲಿಕಾಪ್ಟರ್ ನಮ್ಮಲ್ಲಿರಲಿಲ್ಲ. ಅಲ್ಲಿ ಗಾಳಿ ತೆಳು. ರೋಟರ್‌ಗೆ ಹಿಡಿತ ಸಿಗಲ್ಲ, ಇಂಜಿನ್ ಬಲವೂ ಕುಗ್ಗುತ್ತದೆ. ಅದಕ್ಕೇ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಪ್ರಚಂಡನ್ನು ಹಗುರವಾಗಿ ಕಟ್ಟಿತು: 5.8 ಟನ್. ಅಪಾಚೆ ಸುಮಾರು 10 ಟನ್. ಪ್ರಚಂಡ್ ಸಿಯಾಚಿನ್‌ನಲ್ಲಿ ಸುಮಾರು 4,700 ಮೀಟರ್ ಎತ್ತರದಲ್ಲಿ ಇಳಿದಿದೆ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1,748 ಮೀಟರ್ ಅಷ್ಟೇ! ಪ್ರಚಂಡ್‌ನಲ್ಲಿ 20 ಮಿ.ಮೀ. ಗನ್, 70 ಮಿ.ಮೀ. ರಾಕೆಟ್ ಇವೆ.

ಎಚ್‌ಎಎಲ್‌ನದೇ ಇನ್ನೊಂದು ಹೆಲಿಕಾಪ್ಟರ್ ರುದ್ರ ಬೇಡ, ಬಾಗಿಲು ಕಿಟಕಿ ಕೆಲಸ ಜಾಸ್ತಿ. ಪ್ರಚಂಡ್‌ನದು ಸಪೂರ ಮೈ, ಥರ್ಮಾಕೋಲ್ ತೆಳ್ಳಗೆ ಕತ್ತರಿಸಿ. ಮೂತಿಯ ಕೆಳಗಿನ ಗನ್ ಮರೆಯಬೇಡಿ.