ಸಸಿ ಟ್ರೇ ಸೆಟ್: ಮುಚ್ಚಳದ ಮೇಲೆ ಸಿಟ್ಟು, ಅಡಿತಟ್ಟೆಯ ಮೇಲೆ ಪ್ರೀತಿ

ಮೂರು ವರ್ಷ, ಆರು ಬಿತ್ತನೆ ಆದಮೇಲೆ ಬರೆಯುತ್ತಿರುವ ವಿಮರ್ಶೆ. 50 ಕುಳಿಯ ಟ್ರೇ, ತೂತಿಲ್ಲದ ಅಡಿತಟ್ಟೆ, ಪಾರದರ್ಶಕ ಮುಚ್ಚಳ. ಉಳಿದ ವಿವರ ಡಬ್ಬದ ಮೇಲೇ ಇರುತ್ತದೆ.

ಅದೇ ಡಬ್ಬದ ಮೇಲೆ ಒಂದು ಚಿತ್ರವೂ ಇದೆ: ನಾಲ್ಕೆಲೆ ಬಿಟ್ಟ ಟೊಮೆಟೊ ಸಸಿಗಳು ಮುಚ್ಚಳದೊಳಗೆ ಹಸಿರಾಗಿ ನಿಂತಿವೆ. ಆ ಚಿತ್ರ ನಂಬಿದರೆ ಸಸಿ ಹೋಯಿತೆಂದೇ ಲೆಕ್ಕ. ಮುಚ್ಚಳದ ಕೆಲಸ ಮೊಳಕೆ ತಲೆ ಎತ್ತುವವರೆಗೆ ಮಾತ್ರ. ಆಮೇಲೂ ಮುಚ್ಚಿಟ್ಟರೆ ಒಳಗೆ ಗಾಳಿಯಾಡದೆ ಹನಿ ಕಟ್ಟುತ್ತದೆ, ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳಿಗೆ ಹಬ್ಬ. ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಬುಡದಲ್ಲಿ ದಾರದಷ್ಟು ಸಣ್ಣಗಾಗಿ ಅಡ್ಡ ಬಿದ್ದಿರುತ್ತದೆ. ಬಿದ್ದದ್ದು ಏಳುವುದಿಲ್ಲ. ಆ ಕುಳಿಯನ್ನು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮೇತ ಖಾಲಿ ಮಾಡಿ, ಉಳಿದದ್ದನ್ನು ಗಾಳಿಗೆ ಬಿಡುವುದೊಂದೇ ದಾರಿ. ಮುಚ್ಚಳದ ಮೇಲಿನ ಎರಡು ಕಿಂಡಿಗಳು ಹೆಸರಿಗೆ ಮಾತ್ರ. ಪೂರ್ತಿ ತೆರೆದರೂ ಒಳಗೋಡೆಯ ಹನಿ ಆರುವುದಿಲ್ಲ.

ಅರ್ಧದಷ್ಟು ಬೀಜ ಮೊಳೆತ ದಿನವೇ ಮುಚ್ಚಳ ತೆಗೆದುಬಿಡಬೇಕು. ತೊಡಕು ಇರುವುದೇ ಇಲ್ಲಿ. ಬೆಚ್ಚಗಿನ ಜಾಗದಲ್ಲಿ ಟೊಮೆಟೊ 5ರಿಂದ 8 ದಿನಕ್ಕೆ ಏಳುತ್ತದೆ, ಬದನೆಗೆ 7ರಿಂದ 10, ಮೆಣಸಿನಕಾಯಿಗೆ ಎರಡು ವಾರವೂ ಹಿಡಿಯಬಹುದು. ಟೊಮೆಟೊಗೆ ಗಾಳಿ ಬೇಕಾದ ಹೊತ್ತಿಗೆ ಮೆಣಸಿಗೆ ಇನ್ನೂ ತೇವದ ಮುಸುಕು ಬೇಕು. ಇರುವುದು ಒಂದೇ ಮುಚ್ಚಳ! ಎರಡು ಅರ್ಧ ಮುಚ್ಚಳ ಕೊಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಸದ್ಯಕ್ಕೆ ಉಪಾಯವೆಂದರೆ ಮೆಣಸನ್ನು ಒಂದು ವಾರ ಮುಂಚೆ ಬಿತ್ತುವುದು, ಇಲ್ಲವೇ ಆ ಸಾಲುಗಳ ಮೇಲೆ ಮಾತ್ರ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸುವುದು. ಮುಚ್ಚಿದ ಟ್ರೇಯನ್ನು ನೇರ ಬಿಸಿಲಿಗಂತೂ ಇಡಬೇಡಿ, ಬೀಜ ಬೆಂದುಹೋಗುತ್ತದೆ.

ಬೆಳಕಿಗೂ ಮುಚ್ಚಳ ಅಡ್ಡ. ಮೊಳಕೆ ಕಂಡ ದಿನದಿಂದಲೇ ಬಿಳಿ ಟ್ಯೂಬ್‌ಲೈಟ್ ಸಸಿಯ ತಲೆಯಿಂದ 10 ಸೆಂ.ಮೀ. ಒಳಗೆ, ದಿನಕ್ಕೆ 14ರಿಂದ 16 ಗಂಟೆ ಉರಿಯಬೇಕು. ಮುಚ್ಚಳವೇ ಅದಕ್ಕಿಂತ ಎತ್ತರ. ದೂರದ ಬೆಳಕಿಗೆ ಸಸಿಗಳು ಕತ್ತು ಚಾಚಿ ಬಡಕಲಾಗುತ್ತವೆ.

ಇಷ್ಟೆಲ್ಲ ಬೈದರೂ ಸೆಟ್ ಇನ್ನೂ ಬಳಕೆಯಲ್ಲಿದೆ. ಕಾರಣ, ಯಾರೂ ತಿರುಗಿ ನೋಡದ ಆ ಕಪ್ಪು ಅಡಿತಟ್ಟೆ. ಬೆಳಗ್ಗೆ ಟ್ರೇಯ ಒಂದು ಮೂಲೆ ಎತ್ತಿ ನೋಡಿ. ಭಾರವಾಗಿದ್ದರೆ ಕೈ ಕಟ್ಟಿ ಕೂರಿ, ನೀರು ಬೇಡ. ಹಗುರವಾಗಿದ್ದರೆ ತಟ್ಟೆಗೆ ಅರ್ಧ ಇಂಚು ನೀರು. ಮಾಸಲು ಕಂದಾಗಿದ್ದ ಕೋಕೋಪೀಟ್ ಕುಳಿಯಿಂದ ಕುಳಿಗೆ ಕಪ್ಪಾಗುತ್ತ ಬರುವುದನ್ನು ನೋಡುತ್ತ ನಿಲ್ಲುವುದೇ ಒಂದು ಸುಖ. 15–20 ನಿಮಿಷಕ್ಕೆ ಮೇಲ್ಮೈ ಒದ್ದೆಯಾಗುತ್ತದೆ. ಉಳಿದ ನೀರನ್ನು ಚೆಲ್ಲಲೇಬೇಕು, ನಿಂತರೆ ಬೇರು ಕೊಳೆಯುತ್ತದೆ. ಮೇಲಿನಿಂದ ಸುರಿದಾಗ ಬೀಜ ಕೊಚ್ಚಿ ಮೂಲೆ ಸೇರುವ ರಗಳೆ ಇಲ್ಲಿಲ್ಲ. ಬೇರೂ ನೀರು ಹುಡುಕಿ ಕೆಳಗಿಳಿಯುತ್ತದೆ.

ಟ್ರೇ ತುಂಬಲು ಸುಮಾರು 4 ಲೀಟರ್ ಕೋಕೋಪೀಟ್ ಸಾಕು. 650 ಗ್ರಾಂನ ಒಣ ಕೋಕೋಪೀಟ್ ಇಟ್ಟಿಗೆ ನೆನೆದು 8 ಲೀಟರ್ ಆಸುಪಾಸು ಆಗುವುದರಿಂದ ಎರಡು ಟ್ರೇಗೆ ಬರುತ್ತದೆ. ಎರಡು ಮೂರು ನೀರಲ್ಲಿ ತೊಳೆದು ಹಿಂಡಿ, ಉಪ್ಪಿನಂಶ ಇಳಿಯಲಿ. ಬಿತ್ತುವ ಆಳ ಬೀಜದ ದಪ್ಪದ ಎರಡರಿಂದ ಮೂರು ಪಟ್ಟು, ಟೊಮೆಟೊಗೆ ಅರ್ಧ ಸೆಂ.ಮೀ. ಕುಳಿಗೆ ಎರಡು ಬೀಜ. ಎರಡೂ ಎದ್ದರೆ ಸೊರಗಿದ್ದನ್ನು ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಬೀಜದೆಲೆಗಳ ನಂತರ ನಿಜವಾದ ಎಲೆ ಬಂದಮೇಲೆ ವಾರಕ್ಕೊಮ್ಮೆ ದ್ರವಗೊಬ್ಬರ, ಪ್ಯಾಕೆಟ್ ಹೇಳಿದ್ದರ ಕಾಲು ಭಾಗ.

ಮನೆ ತೋಟಕ್ಕೆ 50 ಕುಳಿ ಹೆಚ್ಚೇ. ಮೊದಲು ಕುಂಡ ಎಣಿಸಿ, ಆಮೇಲೆ ಬೀಜ. 6 ಟೊಮೆಟೊ, 8 ಮೆಣಸು, 4 ಬದನೆಗೆ ಜಾಗವಿದ್ದರೆ 18 ಸಸಿ, ಸತ್ತದ್ದಕ್ಕೆಂದು ಇನ್ನೈದು, ಅಂದರೆ ಅರ್ಧ ಟ್ರೇಯೂ ತುಂಬುವುದಿಲ್ಲ. ಖಾಲಿ ಉಳಿಯಿತಲ್ಲ ಎಂದು ಮೂಲಂಗಿ, ಕ್ಯಾರೆಟ್ ತುರುಕಬೇಡಿ. ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆಯುತ್ತದೆ. ಅವನ್ನು ನೇರ ಮಣ್ಣಿಗೇ ಬಿತ್ತಿ.

ಸಸಿ ತೆಗೆಯಲು ಕುಳಿಯ ಅಡಿಯ ತೂತಿಗೆ ಪೆನ್ಸಿಲ್ ಒತ್ತಿದರೆ ಬೇರಿನ ಗಡ್ಡೆ ಇಡಿಯಾಗಿ ಮೇಲೆ ಬರುತ್ತದೆ. ಪುಡಿಯಾಗಿ ಉದುರಿದರೆ ಇನ್ನೊಂದು ವಾರ ತಡೆಯಿರಿ. ನೆಡುವ ಮುಂಚೆ 7ರಿಂದ 10 ದಿನ ಹೊರಗಿನ ಬಿಸಿಲಿಗೆ ರೂಢಿ ಮಾಡಿಸಿ: ಮೊದಲು ನೆರಳಲ್ಲಿ ಒಂದೆರಡು ಗಂಟೆ, ಆಮೇಲೆ ದಿನದಿನಕ್ಕೂ ಹೆಚ್ಚು.

ಟ್ರೇ, ಅಡಿತಟ್ಟೆಗೆ ಐದಕ್ಕೆ ನಾಲ್ಕೂವರೆ, ಮುಚ್ಚಳಕ್ಕೆ ಎರಡು. ಮೊದಲೆರಡು ಬಿಡಿಯಾಗಿ ಸಿಕ್ಕರೆ ಅಷ್ಟೇ ಕೊಳ್ಳಿ.